ಬಿಸಿಲಿನ ಚೀಟಿ

ಕಳೆದ ವಾರ ಶಾಲೆಯ ಕಪಾಟು ಖಾಲಿ ಮಾಡುವಾಗ ಹಳೆಯ ಬಿಸ್ಕೀಟು ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ತುಕ್ಕಿನ ವಾಸನೆ, ಒಳಗೆ ನೂರಾರು ಚೀಟಿಗಳು. ಮೇಲೆಯೇ ಇದ್ದ ಒಂದನ್ನು ಓದಿದೆ. "ಆಯಾ: ಇವತ್ತು ಬಿಸಿಲು ಚೆನ್ನಾಗಿದೆ." ಅಕ್ಷರ ನನ್ನದು. ಆಯಾಗೆ ಬರೆಯಲು ಬರುತ್ತಿರಲಿಲ್ಲ.

ಬೆಟಗೇರಿಯ ನಮ್ಮ ಕ್ರೈಸ್ತ ಶಾಲೆಯಲ್ಲಿ ಅವರು ಗಂಟೆ ಬಾರಿಸುತ್ತಿದ್ದರು, ಸಣ್ಣ ಮಕ್ಕಳ ಮೂಗು ಒರೆಸುತ್ತಿದ್ದರು. ಮಲ್ಲಸಮುದ್ರದ ಮುಸ್ಲಿಂ ಮನೆಯವರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಬಳಿ ನಿಲ್ಲುತ್ತಿದ್ದರು.

ಆ ಪ್ರಾರ್ಥನೆ ನಡೆಸುತ್ತಿದ್ದವಳು ನಾನು. ಸಕಾರಾತ್ಮಕ ಯೋಚನೆಯ ತರಬೇತಿಯೊಂದಕ್ಕೆ ಹೋಗಿ ಬಂದು ಹೊಸ ರೂಢಿ ಹಾಕಿದ್ದೆ. ಬೈಬಲ್ ಓದಿದ ಮೇಲೆ ದಿನಕ್ಕೊಬ್ಬರು ಎದ್ದು ಒಂದು ಒಳ್ಳೆಯ ಮಾತು ಹೇಳಬೇಕು, ಅದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಯಾರಾದರೂ "ಹೊಟ್ಟಿ ನೋವು" ಎಂದರೆ ಉಳಿದವರು ಚಪ್ಪಾಳೆ ತಟ್ಟಿ "ಒಳ್ಳೇದು! ಒಳ್ಳೇದು!" ಎಂದು ತಿದ್ದಬೇಕು. ಅದನ್ನೂ ನಾನೇ ಕಲಿಸಿದ್ದೆ.

"ಟೀಚರ್, ನಿಮ್ಮ ಡಬ್ಬ್ಯಾಗ ಬರೇ ಸಕ್ರಿ ತುಂಬೀರಿ. ಇರವಿ ಹತ್ತತಾವ ನೋಡ್ರಿ," ಎಂದು ಆಯಾ ಚುಡಾಯಿಸುತ್ತಿದ್ದರು.

ಒಂದು ಬೆಳಿಗ್ಗೆ ಅವರೇ ಮುಂದೆ ಬಂದು ನಿಂತರು. ನನಗೆ ಖುಷಿಯಾಯಿತು.

"ನನ್ನ ಮಗಳು ಮುಂಡರಗ್ಯಾಗ..." ಎಂದರು. ಧ್ವನಿ ನಡುಗಿತು. ಮಕ್ಕಳು ಚಪ್ಪಾಳೆ ಶುರುಮಾಡಿದರು. ತಡೆಯಬಹುದಿತ್ತು. ನಾನು ನಕ್ಕು, "ಆಯಾ, ಒಳ್ಳೇದು ಹೇಳ್ರಿ," ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡಿದರು... "ಇವತ್ತ ಬಿಸಲು ಚಲೋ ಬಿದ್ದೈತ್ರಿ."

ಎಲ್ಲರೂ ಆಮೆನ್ ಎಂದೆವು.

ಅಂದೇ ಮಧ್ಯಾಹ್ನ ಅವರು ರಜೆ ಹಾಕಿ ಮುಂಡರಗಿಗೆ ಹೋದರು. ಹೆರಿಗೆಗೆಂದು ಆಸ್ಪತ್ರೆ ಸೇರಿದ್ದ ಮಗಳು ಮೂರನೆಯ ದಿನ ತೀರಿಕೊಂಡಳು, ಮಗು ಉಳಿಯಿತು. ಸುದ್ದಿ ತಂದ ಆಯಾ ಅವರ ತಂಗಿ ಸಿಟ್ಟಿಲ್ಲದೆ ಹೇಳಿದಳು: "ಇಷ್ಟು ಸಣ್ಣ ಹುಡುಗ್ರು ಕೂಡಿ ದುವಾ ಮಾಡಿದ್ರ ದೇವ್ರು ಕೇಳ್ತಾನ ಅಂತಿದ್ಲ್ರಿ ನಮ್ಮಕ್ಕ."

ಪ್ರಾರ್ಥಿಸಿದ್ದರೆ ಆಕೆ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಅಷ್ಟು ತಿಳಿದವಳಲ್ಲ. ಆದರೆ ಬೇಡಲು ಬಂದವರ ಬಾಯಿ ಮುಚ್ಚಿಸಿದ್ದು ನಾನು. ಮೊಮ್ಮಗುವನ್ನು ನೋಡಿಕೊಳ್ಳಲು ಆಯಾ ಅಲ್ಲೇ ಉಳಿದರಂತೆ. ಮತ್ತೆ ಶಾಲೆಗೆ ಬರಲಿಲ್ಲ. ಪಕ್ಕದ ಗದಗದಿಂದ ಮುಂಡರಗಿಗೆ ಬಸ್ಸುಗಳಿಗೆ ಕೊರತೆಯಿಲ್ಲ... ನಾನು ಹೋಗಲಿಲ್ಲ.

ಇವತ್ತು ಆ ಚೀಟಿಯ ಹಿಂಬದಿಯಲ್ಲಿ, ಅವರು ಅಂದು ಹೇಳಬೇಕೆಂದಿದ್ದನ್ನು ಬರೆಯಲು ಕುಳಿತೆ, ನಾಳೆ ಪ್ರಾರ್ಥನೆಯಲ್ಲಿ ಓದೋಣವೆಂದು. "ಆಯಾ ಅವರ ಮಗಳು" ಎಂದು ಬರೆದ ಮೇಲೆ ಪೆನ್ನು ನಿಂತಿತು. ಆ ಹುಡುಗಿಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.