ಹನ್ನೊಂದು ಜನ ಕೇಳಿದ ಮರಳಿನ ಬುಟ್ಟಿ

ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಗೌರವವಿರಲಿಲ್ಲ. ಲೆಕ್ಕ ಸರಿಯಾಗಿ ಇಡದವರಿಗೆ ಮಾತ್ರ ಪವಾಡಗಳಾಗುತ್ತವೆ ಎಂದು ನಂಬಿದ್ದೆ. ಹನ್ನೆರಡನೇ ವಯಸ್ಸಿನಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆಯುತ್ತಿದ್ದೇನೆ. ಆ ಭಾನುವಾರ ನಡೆದದ್ದೂ ಅದರಲ್ಲಿದೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಅಪ್ಪ ಕುಡಿದು ಅವ್ವನ ಮೇಲೆ ಕೈ ಮಾಡಿದ ದಿನಗಳನ್ನು ನಾನು ಬರೆದಿಟ್ಟಿದ್ದೆ. ಒಟ್ಟು ಅರವತ್ತೊಂದು. ನಾವು ಬಂದು ನೆಲೆಸಿದ ಈ ಹಿಮದ ದೇಶದ ಮೈನಸ್ ಹದಿನೆಂಟರ ಚಳಿಯಲ್ಲಿ ಅವಳನ್ನು ಬರಿಗಾಲಲ್ಲಿ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡದ್ದು ನಲವತ್ನಾಲ್ಕನೆಯದು. ಅರವತ್ತೊಂದನೆಯದರ ಮರುದಿನ ಅವ್ವ ಅವನನ್ನೇ ಹೊರಗೆ ಹಾಕಿದಳು. ಅವನು ಹತ್ತಿರದ ಬೋಲ್ಟನ್ನಿನಲ್ಲಿ ಒಂದು ಬೇಸ್‌ಮೆಂಟು ಬಾಡಿಗೆಗೆ ಹಿಡಿದ. ಎರಡು ವರ್ಷದ ಮೇಲೆ ಸುದ್ದಿ ಬಂತು: ಕುಡಿತ ಬಿಟ್ಟಿದ್ದಾನೆ, ದಿನಾ ಚರ್ಚಿಗೆ, ಬಲಿಪೂಜೆಗೆ ಹೋಗುತ್ತಾನೆ, ಮನೆಗೆ ಮರಳಬೇಕಂತೆ.

ನಾವು ಕೆಲವು ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೊಮ್ಮೆ ಜಾರ್ಜ್‌ಟೌನಿನ ಫಿಲೋಮಿನಾ ಆಂಟಿಯ ಮನೆಯಲ್ಲಿ ಜಪಸರದ ಪ್ರಾರ್ಥನೆಗೆ ಸೇರುತ್ತೇವೆ. ಸರದಿ ಬಂದ ಮನೆಯವರು ಒಬ್ಬ ಸಂತರ ಚರಿತ್ರೆ ಓದಿ, ಕೊನೆಗೆ ತಮ್ಮ ಮನೆಯ ಕೋರಿಕೆ ಹೇಳಬೇಕು. ಹೇಳಿದ ಮೇಲೆ ಅದು ಎಲ್ಲರ ಪ್ರಾರ್ಥನೆ, ಹಿಂದೆ ತೆಗೆದುಕೊಳ್ಳುವಂತಿಲ್ಲ. ಆಗಸ್ಟಿನ ಸರದಿ ನಮ್ಮದು. ಅವ್ವ ಅಂದಳು: "ಅವನ್ನ ಕರಕೊಳ್ಳೂದೋ ಬ್ಯಾಡೋ, ನೀನ ಹೇಳು. ಅಲ್ಲೆ ನಿನ್ನ ಬಾಯಾಗ ಏನ್ ಬರ್ತದೋ ಅದನ್ನ ನಾ ದಾಟೂದಿಲ್ಲ."

ನಾನು ಬೇಕೆಂದೇ ಈಜಿಪ್ಟಿನ ಸಂತ ಮೋಶೆಯನ್ನು ಆರಿಸಿದೆ. ಬೈಬಲಿನ ಮೋಶೆಯಲ್ಲ, ಬಹಳ ನಂತರದವನು. ದರೋಡೆಕೋರರ ನಾಯಕ, ಕೊಲೆಗಾರ. ತಲೆಮರೆಸಿಕೊಳ್ಳಲು ಮರುಭೂಮಿಯ ಸನ್ಯಾಸಿಗಳ ಬಳಿ ಹೋದವನು ಅಲ್ಲಿಯೇ ಮನಸ್ಸು ತಿರುಗಿ ಸನ್ಯಾಸಿಯಾದ. ಕೊನೆಗೆ ಕಳ್ಳರು ಆಶ್ರಮಕ್ಕೆ ನುಗ್ಗಿದಾಗ, ಕತ್ತಿ ಹಿಡಿದವನು ಕತ್ತಿಯಿಂದಲೇ ಸಾಯಬೇಕು ಎಂದು ಓಡದೆ ಕೂತು ಸತ್ತ. ಆ ಸಾವು ನನಗೆ ಬೇಕಿತ್ತು. ನಿಜವಾಗಿ ಬದಲಾದವನು ಬೆಲೆ ತೆತ್ತ, ಹಳೆಯ ಮನೆ ವಾಪಸ್ ಕೊಡಿ ಎಂದು ಕೇಳಲಿಲ್ಲ. ಇದನ್ನು ಓದಿ, ಆಮೇಲೆ ಅರವತ್ತೊಂದು ದಿನಗಳನ್ನೂ ಓದಿ, ಬೇಡ ಎನ್ನುವುದೆಂದು ತೀರ್ಮಾನಿಸಿದ್ದೆ.

ಹಾಗೆಯೇ ಮಾಡಿದೆ. ಮಧ್ಯಾಹ್ನ ಮೂರೂ ಹತ್ತಕ್ಕೆ ಶುರು, ಮೂರೂವರೆಗೆ ಮುಗಿಯಿತು. ನಲವತ್ನಾಲ್ಕನೆಯದನ್ನು ಓದುವಾಗ ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದದ್ದು ನೆನಪಿದೆ. ನಮ್ಮ ಕೋರಿಕೆ ಕೇಳಲೆಂದೇ ಬಂದಿದ್ದ ಅಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ.

ಓದಿ ತಲೆಯೆತ್ತಿದರೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಫಿಲೋಮಿನಾ ಆಂಟಿ ನನ್ನನ್ನು ತಬ್ಬಿಕೊಂಡು, "ಎಷ್ಟ್ ದೊಡ್ಡ ಮನಸ್ಸು ಮಾಡ್ದೆ ಮಗಳೇ. ಆ ಮರಳಿನ ಬುಟ್ಟಿ ವಿಷಯ ನಾನು ಕೇಳೇ ಇರ್ಲಿಲ್ಲ" ಎಂದರು.

ಯಾವ ಬುಟ್ಟಿ ಎಂದೆ. ಅವರ ಮಗಳು ನಿಶಾ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಕ್ಕಾ, ಯು ಜಸ್ಟ್ ಟೋಲ್ಡ್ ಇಟ್. ಆ ಸ್ಯಾಂಡ್ ಲೀಕ್ ಆಗೋದು. ಇಟ್ ವಾಸ್ ಆಕ್ಚುಲಿ ಗುಡ್."

ತಪ್ಪು ಮಾಡಿದ ಒಬ್ಬ ಸನ್ಯಾಸಿಯ ವಿಚಾರಣೆಗೆ ಕರೆದಾಗ ಮೋಶೆ ತೂತು ಬುಟ್ಟಿಗೆ ಮರಳು ತುಂಬಿ ಬೆನ್ನಿಗೆ ಹೊತ್ತು ಬಂದನಂತೆ. ನನ್ನ ಪಾಪಗಳು ನನ್ನ ಹಿಂದೆಯೇ ಸುರಿಯುತ್ತಿವೆ, ನನಗೇ ಕಾಣುತ್ತಿಲ್ಲ, ಇನ್ನೊಬ್ಬನಿಗೆ ತೀರ್ಪು ಹೇಗೆ ಕೊಡಲಿ ಅಂದನಂತೆ. ಅಷ್ಟು ಹೇಳಿ ನಾನು, ಅಪ್ಪ ಮನೆಗೆ ಬರಲಿ ಎಂದೆನಂತೆ. ಒಂದು ದಿನಾಂಕವನ್ನೂ ಓದಲಿಲ್ಲವಂತೆ.

ಎರಡು ವಾರದಲ್ಲಿ, ಅಲ್ಲಿದ್ದ ಹನ್ನೊಂದು ಜನರನ್ನೂ ಬೇರೆಬೇರೆಯಾಗಿ ವಿಚಾರಿಸಿದೆ. ಹನ್ನೊಂದಕ್ಕೆ ಹನ್ನೊಂದು ಜನವೂ ಅದನ್ನೇ ಹೇಳಿದರು. ನಾನು ಓದಿದ್ದ ಪುಸ್ತಕದಲ್ಲಿ ಆ ಕಥೆ ಇಲ್ಲ. ಲೈಬ್ರರಿಯ ಬೇರೊಂದು ಪುಸ್ತಕದಲ್ಲಿ ಸಿಕ್ಕಿತು. ಅದನ್ನು ಅಲ್ಲಿಯವರೆಗೆ ನಾನು ಮುಟ್ಟಿಯೂ ಇರಲಿಲ್ಲ. ಡಾಕ್ಟರು ಸ್ಟ್ರೆಸ್ ಅಂದರು. ಗೊತ್ತಿಲ್ಲದ ಕಥೆಯನ್ನು ಸ್ಟ್ರೆಸ್ ಎಲ್ಲಿಂದ ತರುತ್ತದೆ ಎಂದರೆ ನಿದ್ರೆ ಮಾತ್ರೆ ಬರೆದುಕೊಟ್ಟರು.

"ನಾ ಬ್ಯಾಡ ಅಂದೀನಿ" ಎಂದು ಅವ್ವನಿಗೆ ಎಷ್ಟು ಸಲ ಹೇಳಿದೆನೋ. "ನನ್ನ ಕಿವಿಯಾರ ಕೇಳೀನಿ. ಈಗ ತಿರುಗಿ ಬೀಳಬ್ಯಾಡ" ಅಂದಳು. ಅಪ್ಪ ಎರಡು ಸೂಟ್‌ಕೇಸ್ ಹಿಡಿದು ಬಂದ. "ನೀ ಎಲ್ಲಾ ಓದಿ ಹೇಳ್ತಿ ಅಂತ ತಯಾರಾಗೇ ಬಂದಿದ್ದೆ, ನನ್ನವ್ವ. ಓದಿದ್ರೂ ಎದ್ದು ಹೋಗ್ತಿದ್ದಿಲ್ಲ" ಅಂದ.

ಅವನು ಮತ್ತೆ ಕುಡಿದಿಲ್ಲ. ಅವ್ವ ನಗುತ್ತಾಳೆ. ಒಳ್ಳೆಯದೇ, ಬಲ್ಲೆ. ಆದರೆ ಆ ಅರವತ್ತೊಂದು ದಿನಗಳನ್ನು ನಾನು ಗಟ್ಟಿಯಾಗಿ ಓದಿದ್ದೇನೆ, ಯಾರೂ ಕೇಳಿಲ್ಲ. ನನ್ನ ಬಾಯಲ್ಲಿ ಮಾತಾಡಿದವರು ಯಾರೋ ಇಂದಿಗೂ ತಿಳಿಯದು. ದೇವರೇ ಆಗಿದ್ದರೂ ಸರಿ, ಆ ಕ್ಷಮೆ ನನ್ನದಾಗಿತ್ತು. ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು.