ಒಂದೇ ತರಗತಿ, ಎರಡು ಶುಲ್ಕ

2016ರ ಬೇಸಿಗೆಯಲ್ಲಿ ನಾನು ಔರಾದಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ನೆರೆಯ ಲಾತೂರಿಗೆ ಕುಡಿಯುವ ನೀರನ್ನು ರೈಲಿನಲ್ಲಿ ಸಾಗಿಸಿದ ವರ್ಷ ಅದು. ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ನಾನು ಹತ್ತುತ್ತಿದ್ದ ಬಸ್ಸಿನಲ್ಲಿ ಸೀಟುಗಳು ಖಾಲಿ ಇರುತ್ತಿದ್ದವು. ಎದುರಿನಿಂದ ಹೈದರಾಬಾದಿನ ಕಡೆಗೆ ಹೊರಟ ಬಸ್ಸುಗಳಲ್ಲಿ ಮಾತ್ರ ಹಾಸಿಗೆ ಗಂಟು, ಪಾತ್ರೆ ಚೀಲ, ಕೂಸುಗಳ ಸಮೇತ ಜನ ಕಿಕ್ಕಿರಿದಿರುತ್ತಿದ್ದರು.

ಆ ವರ್ಷ ನನ್ನ ಮೇಜಿಗೆ ಬಂದ ಶಿಕ್ಷಣ ಸಾಲದ ಪ್ರಕರಣವೊಂದನ್ನು ನಿವೃತ್ತಳಾದ ಮೇಲೂ ಮರೆಯಲು ಆಗಿಲ್ಲ. ಅದನ್ನು ಹೇಳುವ ಮೊದಲು ಈ ಸಾಲ ಹೇಗೆ ನಡೆಯುತ್ತದೆ ಎಂದು ಎರಡು ಮಾತು. ಆಗ ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಯಾವ ಅಡಮಾನವೂ ಬೇಕಿರಲಿಲ್ಲ. ವಿದ್ಯಾರ್ಥಿಯ ಜೊತೆ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಹಣ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಕಾಲೇಜು ಪ್ರತಿ ವರ್ಷ ಶುಲ್ಕದ ಬೇಡಿಕೆ ಪತ್ರ ಕಳಿಸುತ್ತದೆ, ಬ್ಯಾಂಕು ನೇರ ಕಾಲೇಜಿನ ಖಾತೆಗೆ ಹಾಕುತ್ತದೆ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಇದಕ್ಕೆ ಮಾರಟೋರಿಯಂ ಎನ್ನುತ್ತಾರೆ. ಬಡ ಕುಟುಂಬವಾದರೆ ಆ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇಲ್ಲ.

ಸುಜಾತಾ ಎಂಬ ಹುಡುಗಿ ಭಾಲ್ಕಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಔರಾದಿನ ಬೌದ್ಧ ಕುಟುಂಬ. ತಂದೆ ಮಾಣಿಕ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದವರು. ಎರಡು ವರ್ಷ ಸೋಯಾ, ತೊಗರಿ ಬಾರದೆ ಗೋದಾಮಿಗೆ ಚೀಲಗಳೇ ಬರಲಿಲ್ಲ. ಅವರು ಹೆಂಡತಿ ಕಮಲಾಬಾಯಿಯನ್ನು ಕರೆದುಕೊಂಡು ಹೈದರಾಬಾದಿನ ಹೊರವಲಯಕ್ಕೆ ಕಟ್ಟಡದ ಕೆಲಸಕ್ಕೆ ಹೋದರು. ಸುಜಾತಾ ಹಾಸ್ಟೆಲಿನಲ್ಲಿ ಉಳಿದಳು.

ಮೇ ತಿಂಗಳಲ್ಲಿ ಕಾಲೇಜಿನಿಂದ ಮೂರನೇ ವರ್ಷದ ಬೇಡಿಕೆ ಪತ್ರ ಬಂತು. ಮೊದಲ ವರ್ಷ ಅರವತ್ತು ಸಾವಿರವಿದ್ದ ಶುಲ್ಕ ಈಗ ಒಂದು ಲಕ್ಷ ಹತ್ತು ಸಾವಿರವಾಗಿತ್ತು. ಅಭಿವೃದ್ಧಿ, ಪ್ರಯೋಗಾಲಯ, ಆಸ್ಪತ್ರೆ ತರಬೇತಿ ಎಂದು ಏರಿಕೆಗೆ ಒಂದೊಂದು ಹೆಸರು. ಇನ್ನೂ ಎರಡನೇ ವರ್ಷದ ಪರೀಕ್ಷೆಯೇ ಆಗಿರಲಿಲ್ಲ. ಮೂರನೇ ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟದಿದ್ದರೆ ಪರೀಕ್ಷೆಯ ಪ್ರವೇಶ ಪತ್ರ ಕೊಡುವುದಿಲ್ಲ ಎಂದು ಕೆಳಗೆ ಬರೆದಿತ್ತು. ನಮ್ಮ ಶಾಖೆಯಿಂದ ಸಾಲ ಪಡೆದ ಆ ಕಾಲೇಜಿನ ಎಲ್ಲ ಹುಡುಗಿಯರಿಗೂ ಇದೇ ಬಗೆಯ ಪತ್ರ.

ಖರ್ಚು ಏರುತ್ತದೆ, ಶುಲ್ಕವೂ ಏರುತ್ತದೆ ಎಂದು ಬಿಡಬಹುದಿತ್ತು. ಆದರೆ ಅದೇ ವಾರ ಔರಾದಿನ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಚೆಕ್ ಹಾಕಲು ಬಂದರು. ಅವರ ಮಗಳೂ ಸುಜಾತಾಳ ತರಗತಿಯಲ್ಲೇ ಇದ್ದಳು. ಈ ಸಲ ಶುಲ್ಕ ಬಹಳ ಏರಿದೆಯಂತಲ್ಲ ಎಂದು ನಾನು ಸಹಜವಾಗಿ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು.

“ನಾ ಅರವತ್ತೇ ಕೊಟ್ಟೇನ್ರಿ ಮೇಡಂ. ಮೊದಲು ಜಾಸ್ತಿ ಹೇಳಿದ್ರು. ಕೂತು ಮಾತಾಡಿದ ಮ್ಯಾಲ ಇಳಿಸಿದ್ರು. ಲೋನ್ ಇದ್ದವರಿಗಿ ಬ್ಯಾರೆ ಅದ ಅಂತ ಅವರೇ ಹೇಳಿದ್ರಲ್ರಿ.”

ಅವರು ಹೋದ ಮೇಲೆ ನಾನು ಎರಡೂ ದರಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುವ ಇಬ್ಬರು ಹುಡುಗಿಯರು. ನಗದು ಇದ್ದವರ ಮಗಳಿಗೆ ಚೌಕಾಸಿ ಮಾಡಿ ಇಳಿಸಿದ ಬೆಲೆ, ಹಮಾಲನ ಮಗಳಿಗೆ ಪೂರ್ತಿ ಬೆಲೆ. ಬಡವರಿಗೆಂದು ಮಾಡಿದ ಸಾಲವನ್ನೇ ಬಡವರ ಗುರುತಾಗಿ ಬಳಸಿ ಅವರ ಮೇಲೆ ಹೆಚ್ಚು ಹೇರಿದ್ದರು. ನನ್ನ ತಾಯಿ ಬೀದರಿನ ಮಿಶನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಅವರ ತರಬೇತಿಗೆ ಯಾರೂ ಶುಲ್ಕ ಕೇಳಲಿಲ್ಲ. ಊಟ ಹಾಕಿ, ತಿಂಗಳಿಗೆ ಒಂದಿಷ್ಟು ಭತ್ಯೆಯನ್ನೂ ಕೊಟ್ಟು ಕಲಿಸಿದರು. ರೋಗಿಯ ಗಾಯ ತೊಳೆಯುವ ಕೆಲಸ ಕಲಿಯಲು ಬಂದ ಹುಡುಗಿಯನ್ನು ಹೀಗೂ ಸುಲಿಯಬಹುದು ಎಂದು ಹೇಳಿದ್ದರೆ ಅವರು ನಂಬುತ್ತಿರಲಿಲ್ಲ.

ಮರುದಿನ ಭಾಲ್ಕಿಗೆ ಹೋದೆ. ಊರಿನ ಓಣಿಗಳಲ್ಲಿ ಟ್ಯಾಂಕರಿಗಾಗಿ ಕೊಡಗಳ ಸಾಲು. ಕಾಲೇಜಿನ ಅಂಗಳದಲ್ಲಿ ಮಾಲಿಯೊಬ್ಬ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಸಂಸ್ಥೆಯ ಕಾರ್ಯದರ್ಶಿ ಬಹಳ ಮರ್ಯಾದೆಯಿಂದ ಕೂರಿಸಿದರು, ಲಿಂಬು ಶರಬತ್ತು ತರಿಸಿದರು. ಸರ್ಕಾರಿ ಶುಲ್ಕ ಸಮಿತಿ ಒಪ್ಪಿದ ದರಪಟ್ಟಿ ತೋರಿಸಿ ಎಂದೆ. ಹುಡುಕಿಸಿ ಕಳಿಸುತ್ತೇನೆ ಎಂದರು. ಎರಡು ದರ ಏಕೆ ಎಂದು ಕೇಳಿದಾಗ ಅವರಿಗೆ ಸಿಟ್ಟೂ ಬರಲಿಲ್ಲ, ಮುಜುಗರವೂ ಆಗಲಿಲ್ಲ. ತಿಳಿಯದವರಿಗೆ ತಿಳಿಹೇಳುವ ಹಾಗೆ ಹೇಳಿದರು:

“ನೋಡ್ರಿ ಮೇಡಂ, ರೊಕ್ಕ ಕೊಡೋದು ಬ್ಯಾಂಕು. ಆ ಹುಡುಗಿ ಅಪ್ಪ ಕೊಡಂಗಿಲ್ಲ, ನಿಮ್ಮ ಕಿಸೆದಾಗಿಂದ ಹೋಗಂಗಿಲ್ಲ. ಹಂಗಿದ್ದ ಮ್ಯಾಲ ಇದರಾಗ ಯಾರಿಗಿ ತ್ರಾಸು?”

ಆಮೇಲೆ, ನಮ್ಮ ಶಾಖೆಗೆ ಠೇವಣಿ ಬೇಕಿದ್ದರೆ ವ್ಯವಸ್ಥೆ ಮಾಡೋಣ ಎಂದರು. ನಾನು ಶರಬತ್ತು ಮುಟ್ಟದೆ ಎದ್ದು ಬಂದೆ.

ಔರಾದಿಗೆ ಬಂದು ಕಾಲೇಜಿಗೆ ಪತ್ರ ಬರೆದೆ. ಸಮಿತಿ ಒಪ್ಪಿದ ದರ ತೋರಿಸುವವರೆಗೆ ಹಣ ಬಿಡುಗಡೆ ಇಲ್ಲ ಎಂದು ತಿಳಿಸಿ, ಅದರ ಪ್ರತಿಯನ್ನು ಬೀದರಿನ ನಮ್ಮ ಪ್ರಾದೇಶಿಕ ಕಚೇರಿಗೂ ಕಳಿಸಿದೆ. ಅಲ್ಲಿಂದ ಮೇಲಧಿಕಾರಿಯ ಫೋನು ಬಂತು. ಆ ಸಂಸ್ಥೆಯ ದೊಡ್ಡ ಠೇವಣಿ ನಮ್ಮ ಬ್ಯಾಂಕಿನಲ್ಲೇ ಇದೆ, ಶುಲ್ಕ ನಿಗದಿ ಮಾಡುವುದು ನಮ್ಮ ಕೆಲಸವಲ್ಲ, ಸ್ವಲ್ಪ ಹೊಂದಿಕೊಂಡು ಹೋಗಿ ಎಂದು ಮೃದುವಾಗಿಯೇ ಹೇಳಿದರು. ಕಾರ್ಯದರ್ಶಿಯ ಮಾತಿಗಿಂತ ಈ ಮೃದು ಮಾತು ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿತು.

ಮುಂದಿನ ಸೋಮವಾರ ಶಾಖೆಯ ಮುಂದೆ ಕಾಲೇಜಿನ ಬಸ್ಸು ನಿಂತಿತು. ಸಾಲ ಪಡೆದ ಹುಡುಗಿಯರನ್ನೆಲ್ಲ ಬಿಳಿ ಸಮವಸ್ತ್ರದಲ್ಲಿ ಇಳಿಸಿ, ಮ್ಯಾನೇಜರ್ ನಿಮ್ಮ ಹಣ ತಡೆದಿದ್ದಾಳೆ, ಬಿಡುವವರೆಗೆ ಏಳಬೇಡಿ ಎಂದು ಬಾಗಿಲಲ್ಲಿ ಕೂರಿಸಿದರು. ಸಿಮೆಂಟಿನ ಮೆಟ್ಟಿಲು ಕಾದು ಕೆಂಡವಾಗಿತ್ತು. ಕರೆತಂದ ಉಪನ್ಯಾಸಕರು ಬಸ್ಸಿನೊಳಗೇ ಕೂತರು. ನಾನು ಹುಡುಗಿಯರನ್ನು ಒಳಗೆ ಕರೆದು, ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಡಿಸಿದೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅರ್ಧಕ್ಕರ್ಧ ಮಂದಿಗೆ ತಮ್ಮ ಹೆಸರಿನಲ್ಲಿ ಎಷ್ಟು ಸಾಲ ಏರಿದೆ ಎಂಬುದೇ ಗೊತ್ತಿರಲಿಲ್ಲ. ಹಲವರು ಅದನ್ನು ಸ್ಕಾಲರ್‌ಶಿಪ್ ಎಂದೇ ತಿಳಿದಿದ್ದರು.

ಹಿಂದಿನ ಸಾಲಿನಿಂದ ಸುಜಾತಾ ಎದ್ದಳು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ.

“ಈ ಜಾಸ್ತಿ ರೊಕ್ಕ ಯಾರ ಹೆಸರಿಗಿ ಬೀಳ್ತದ್ರಿ ಮೇಡಂ?”

ನಿನ್ನ ಹೆಸರಿಗೆ, ನಿನ್ನ ತಂದೆಯ ಹೆಸರಿಗೆ ಎಂದೆ.

“ಮತ್ತ ನನಗ ಕೇಳಲಾರದ ಹ್ಯಾಂಗ ಕೊಡ್ತೀರಿ?”

ಇಷ್ಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಸಾಲ ಪಡೆದವಳೇ ಬೇಡ ಎಂದು ಬರೆದುಕೊಟ್ಟರೆ ಯಾವ ಮೇಲಧಿಕಾರಿಯೂ ಆ ಹಣ ಬಿಡುಗಡೆ ಮಾಡಿಸಲಾರ ಎಂದು ಎಲ್ಲರಿಗೂ ಹೇಳಿದೆ. ಅದರ ಅಪಾಯವನ್ನೂ ಮುಚ್ಚಿಡಲಿಲ್ಲ: ಕಾಲೇಜು ಹಗೆ ಸಾಧಿಸಬಹುದು, ಪರೀಕ್ಷೆ ತಪ್ಪಬಹುದು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಟರ್ನಲ್ ಅಂಕ ಕೊಡುವವರು ಹೊರಗೆ ಬಸ್ಸಿನಲ್ಲೇ ಕೂತಿದ್ದರು. ತರಗತಿಗೆ ಮೊದಲಿಗಳಾದ ರೇಖಾ ಎಂಬ ಹುಡುಗಿ ಪೆನ್ನು ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಬರೆಯುತ್ತೇನೆ ಎಂದವಳು ಸುಜಾತಾ ಒಬ್ಬಳೇ.

ತಂದೆ ಸಹಸಾಲಗಾರರಾದ್ದರಿಂದ ಮೊದಲು ಮನೆಯವರನ್ನು ಕೇಳು ಎಂದು ನನ್ನ ಫೋನನ್ನೇ ಕೊಟ್ಟೆ. ಮಾಣಿಕ ಹೆಂಡತಿಗೆ ಫೋನು ದಾಟಿಸಿದರು. ಕಮಲಾಬಾಯಿ ನನ್ನ ಜೊತೆಗೇ ಮಾತಾಡಬೇಕೆಂದರು. ಹಿಂದೆ ಕಾಂಕ್ರೀಟ್ ಯಂತ್ರದ ಸದ್ದು.

“ಒಂದ್ ವರ್ಸ ಹೋದ್ರ ಹೋಗ್ಲಿರಿ ಬಾಯೋರ. ಜನ್ಮ ಪೂರಾ ಕಟ್ಟೋದು ಬ್ಯಾಡ. ಆಕಿ ಬರೀತೇನಿ ಅಂದ್ರ ಬರೀಲಿ. ನಾವು ಹೂಂ ಅಂದೇವಿ.”

ಮೊದಲ ವರ್ಷದ ದರಕ್ಕಿಂತ ಹೆಚ್ಚು ಕೊಡಕೂಡದು ಎಂದು ಸುಜಾತಾ ಬರೆದು ಸಹಿ ಮಾಡಿದಳು. ಶುಲ್ಕ ಸಮಿತಿಗೂ ವಿಶ್ವವಿದ್ಯಾಲಯಕ್ಕೂ ದೂರು ಬರೆದಳು. ವಾರ ಕಳೆಯುವುದರೊಳಗೆ ಅವಳನ್ನು ಹಾಸ್ಟೆಲಿನಿಂದ ಹೊರಹಾಕಿದರು. ಔರಾದಿನ ಬೀಗ ಹಾಕಿದ ಮನೆಯನ್ನು ತೆರೆದು ಒಬ್ಬಳೇ ಇದ್ದು, ದಿನಾ ಬಸ್ಸಿನಲ್ಲಿ ಭಾಲ್ಕಿಗೆ ಹೋಗುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಹಾಜರಾತಿ ಕೊರತೆ ಎಂದು ಪ್ರವೇಶ ಪತ್ರ ತಡೆದರು. ಒಂದು ದಿನವೂ ತರಗತಿ ತಪ್ಪಿಸದ ಹುಡುಗಿ ಅವಳು. ಇನ್ನುಳಿದ ಹುಡುಗಿಯರ ಹಣವನ್ನು, ಅವರ ಆಕ್ಷೇಪಣೆ ಇಲ್ಲ ಎಂಬ ಕಾರಣ ಕೊಟ್ಟು, ಪ್ರಾದೇಶಿಕ ಕಚೇರಿಯೇ ನೇರವಾಗಿ ಬಿಡುಗಡೆ ಮಾಡಿಸಿತು.

ವಿಶ್ವವಿದ್ಯಾಲಯದ ಆದೇಶ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಅದೇ ಹೊತ್ತಿಗೆ ಮಳೆ ಎಂದೂ ಕಾಣದಷ್ಟು ಸುರಿದು ಮಾಂಜ್ರಾ ತುಂಬಿ ಹರಿಯಿತು. ಹೈದರಾಬಾದಿಗೆ ಹೋಗಿದ್ದವರಲ್ಲಿ ಬಹಳ ಜನ ತಿರುಗಿ ಬಂದರು. ಸುಜಾತಾ ಮುಂದಿನ ಸಲ ಪರೀಕ್ಷೆ ಬರೆದು ಪಾಸಾದಳು. ಶುಲ್ಕ ಸಮಿತಿಯ ತೀರ್ಪು ಬಂತು: ದೂರುದಾರಳಿಂದ ಕಾಲೇಜು ಮೊದಲ ವರ್ಷದ ದರವನ್ನೇ ಪಡೆಯತಕ್ಕದ್ದು. ದೂರುದಾರಳಿಂದ ಮಾತ್ರ. ಉಳಿದವರ ಬಗ್ಗೆ ಆ ಆದೇಶದಲ್ಲಿ ಒಂದಕ್ಷರವಿಲ್ಲ, ದಂಡವಿಲ್ಲ, ಛೀಮಾರಿಯಿಲ್ಲ. ಆ ಆದೇಶ ಕೈಗೆ ಬರುವ ಮೊದಲೇ ಆಡಳಿತಾತ್ಮಕ ಕಾರಣ ಎಂದು ನನ್ನನ್ನು ಕಲಬುರಗಿಗೆ ವರ್ಗ ಮಾಡಿದ್ದರು. ಆ ವರ್ಷದ ನಮ್ಮ ಗ್ರಾಹಕರ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನಿಸಿದ್ದು ಭಾಲ್ಕಿಯ ಆ ಕಾರ್ಯದರ್ಶಿಯನ್ನು.

ಸುಜಾತಾ ಒಂದು ವರ್ಷ ತಡವಾಗಿ ಕೋರ್ಸು ಮುಗಿಸಿ, ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲೆ ನರ್ಸ್ ಆದಳು. ಸಾಲ ಚಿಕ್ಕದಿತ್ತು, ಕಟ್ಟಿ ಮುಗಿಸಿದಳು. ಅವಳ ಬಗ್ಗೆ ನನಗೆ ಚಿಂತೆ ಉಳಿಯಲಿಲ್ಲ.

ಚಿಂತೆ ಉಳಿದದ್ದು ರೇಖಾಳದು. ನಿವೃತ್ತಿಯ ಅಂಚಿನಲ್ಲಿ ನಾನು ಬೀದರಿಗೆ ಮರಳಿ ಬಂದಾಗ ಅವಳು ಚಿದ್ರಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಚಿನ್ನದ ಪದಕ ಪಡೆದ ಹುಡುಗಿ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೊಡುತ್ತಿದ್ದ ಸಂಬಳದ ಬಹುಪಾಲು ಸಾಲದ ಕಂತಿಗೇ ಹೋಗಬೇಕಿತ್ತು. ಮೂರು ತಿಂಗಳು ಕಂತು ತಪ್ಪಿ ಖಾತೆ ಎನ್.ಪಿ.ಎ., ಅಂದರೆ ವಸೂಲಾಗದ ಸಾಲ, ಎಂದಾಗಿತ್ತು. ವಸೂಲಿ ಏಜೆಂಟರು ನರ್ಸಿಂಗ್ ಹೋಮಿನ ಬಾಗಿಲಿಗೇ ಬಂದು, ರೋಗಿಗಳ ಎದುರು ಅವಳ ಹೆಸರು ಹಿಡಿದು ಕೂಗಿ ಕರೆದಿದ್ದರು. ಎರಡನೇ ಸಲ ಹಾಗಾದಾಗ ಮಾಲೀಕರು ಅವಳನ್ನು ಕೆಲಸದಿಂದ ಬಿಡಿಸಿದರು. ಕೆಲಸ ಮಾಡಿ ತೀರಿಸಬೇಕಾದ ಸಾಲಕ್ಕಾಗಿ ಕೆಲಸವನ್ನೇ ಕಳೆಯುವುದು ಯಾವ ವಸೂಲಿ? ಈ ಕೆಲಸವನ್ನು ನನ್ನದೇ ಬ್ಯಾಂಕು ಕೂಲಿ ಕೊಟ್ಟು ಮಾಡಿಸಿತ್ತು.

ನಾನು ಮೇಲಿನವರೊಂದಿಗೆ ಜಗಳವಾಡಿ ಏಜೆಂಟರನ್ನು ನಿಲ್ಲಿಸಿದೆ, ಕಂತು ಅರ್ಧಕ್ಕೆ ಇಳಿಸಿ ಅವಧಿ ಹೆಚ್ಚಿಸಿಕೊಟ್ಟೆ. ನನ್ನ ಕೈಲಿದ್ದದ್ದು ಅಷ್ಟೇ. ಹೆಚ್ಚಿಗೆ ಹೇರಿದ ಶುಲ್ಕ ತಿರುಗಿ ಬರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ರೇಖಾ ತಲೆ ತಗ್ಗಿಸಿ ಹೇಳಿದಳು:

“ಅವತ್ತು ನಾನೂ ಬರೀಬೇಕಿತ್ರಿ ಮೇಡಂ. ಅಂಜಿದೆ. ತಪ್ಪು ನಂದೇ ಅದ.”

ತಪ್ಪು ನಿನ್ನದಲ್ಲ ಎಂದು ಎಷ್ಟು ಹೇಳಿದರೂ ಅವಳು ನಂಬಿದಂತೆ ಕಾಣಲಿಲ್ಲ. ಸುಲಿದವನಿಗೆ ಶಾಲು, ಸುಲಿಯಲು ದಾರಿ ಬಿಟ್ಟ ಮೇಲಧಿಕಾರಿಗೆ ಬಡ್ತಿ, ಇಪ್ಪತ್ತರ ವಯಸ್ಸಿನಲ್ಲಿ ಅಂಜಿದ ಹುಡುಗಿಗೆ ಅಪರಾಧ ಭಾವ.

ಶಿಕ್ಷಣ ಸಾಲದ ಸುಧಾರಣೆಯ ಬಗ್ಗೆ ಈಗಲೂ ಸಭೆಗಳು ನಡೆಯುತ್ತವೆ. ಮಿತಿ ಏರಿಸೋಣ, ಬಡ್ಡಿ ಇಳಿಸೋಣ, ಅರ್ಜಿಯನ್ನು ಸರಳಗೊಳಿಸೋಣ ಎನ್ನುತ್ತಾರೆ. ಬೆಲೆ ಕಟ್ಟುವವನನ್ನು ಯಾರೂ ಕೇಳದೆ ಸಾಲದ ಮಿತಿ ಏರಿಸಿದರೆ ಶುಲ್ಕವೂ ಅದೇ ಎತ್ತರಕ್ಕೆ ಏರುತ್ತದೆ. ಸುಜಾತಾಳ ಧೈರ್ಯವನ್ನು ನಾನು ಎಲ್ಲಿ ಹೇಳಿದರೂ ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಆ ಚಪ್ಪಾಳೆ ಸೇರುವುದಿಲ್ಲ. ನಿಯಮ ಎಂಬುದು ಅಂಜುವವರಿಗಾಗಿ ಇರಬೇಕಾದದ್ದು. ಧೈರ್ಯವಿದ್ದ ಒಬ್ಬಳಿಗಷ್ಟೇ ನ್ಯಾಯದ ದರ ಸಿಕ್ಕಿತೆಂದರೆ ಅಲ್ಲಿ ನಿಯಮ ಇರಲೇ ಇಲ್ಲ ಎಂದೇ ಅರ್ಥ. ನನ್ನ ನೌಕರಿ ನನಗೆ ಕಲಿಸಿದ್ದು ಇದನ್ನು.