ಬಾಲ ನುಂಗಿದ ಸೇನಾಧಿಪತಿ

ನಾಟಕ ಕಂಪನಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಬಾಲ’. ಹತ್ತೊಂಬತ್ತು ವರ್ಷದ, ಕಡ್ಡಿಯಂಥ ಹುಡುಗಿಗೆ ಆ ಹೆಸರು ಅಂಟಿಕೊಂಡದ್ದು ಒಂದೇ ಮಧ್ಯಾಹ್ನದಲ್ಲಿ. ಅದೂ ತನ್ನದಲ್ಲದ ಎರಡೇ ಎರಡು ಪದ ಆಡಿದ್ದಕ್ಕೆ!

ಬೀದಿಯಲ್ಲಿ ಗ್ಯಾಸ್ ದೀಪ ಉರಿಯುತ್ತಿದ್ದ ಕಾಲ ಅದು. ಕಂಪನಿಯಲ್ಲಿ ನಾಟಕದ ಪೂರ್ತಿ ಪುಸ್ತಕ ಇದ್ದದ್ದು ಎರಡೇ ಪ್ರತಿ. ಒಂದು ಯಜಮಾನರ ಬೀರುವಿನಲ್ಲಿ, ಇನ್ನೊಂದು, ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್ ತಾತನ ಕಂಕುಳಲ್ಲಿ. ಬೇರೆ ಕಂಪನಿಯವರು ಕದ್ದುಬಿಟ್ಟರೆ ಎಂಬ ಭಯ. ಹಾಗಾಗಿ ನಟರ ಕೈಗೆ ಸಿಗುತ್ತಿದ್ದದ್ದು ಉದ್ದನೆಯ ಚೀಟಿ ಮಾತ್ರ. ಅದರಲ್ಲಿ ಅವರವರ ಮಾತು, ಮತ್ತು ಪ್ರತಿ ಮಾತಿನ ಮೇಲೆ, ಎದುರಿನವನು ಆಡುವ ಮಾತಿನ ಕೊನೆಯ ಎರಡು ಪದ. ಆ ಎರಡು ಪದ ಕಿವಿಗೆ ಬಿದ್ದೊಡನೆ ಬಾಯಿ ತೆರೆಯಬೇಕು. ಅದನ್ನೇ ಅಲ್ಲಿ ಬಾಲ ಎನ್ನುತ್ತಿದ್ದರು. ‘ಬಾಲ ಸರಿಯಾಗಿ ಕೊಡಪ್ಪಾ’ ಅಂತ ನಟರು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು.

ಇವಳಿಗೆ ಅದೆಲ್ಲಿ ಗೊತ್ತು? ಇವಳು ವೇಷದ ಕೋಣೆಯಲ್ಲಿ ಬೆಳೆದವಳು. ಅಮ್ಮ ಕಂಪನಿಯ ದರ್ಜಿ. ಅಮ್ಮನ ಹೊಲಿಗೆ ಮಿಶಿನ್ನಿನ ಪಕ್ಕ ಕೂತು ರಾಜರಿಗೆಲ್ಲ ಗುಂಡಿ ಹಚ್ಚುತ್ತಾ, ಪರದೆಯ ತೂತಿನಲ್ಲಿ ಒಂದು ಕಣ್ಣಿಟ್ಟು ನಾಟಕ ನೋಡುತ್ತಾ ದೊಡ್ಡವಳಾದಳು. ನಾಟಕದಲ್ಲಿ ಸೇನಾಧಿಪತಿಯ ತಂಗಿಯ ಪಾರ್ಟು ಮಾಡುತ್ತಿದ್ದ ಹುಡುಗಿ ಪಕ್ಕದ ಬೀದಿಯ ಹೊಸ ಸಿನಿಮಾ ಕಂಪನಿಗೆ ಹಾರಿಹೋದಾಗ, ಇವಳು ಸೂಜಿ ಕೆಳಗಿಟ್ಟು ಸೀದಾ ಯಜಮಾನರ ಮುಂದೆ ನಿಂತಳು.

“ಯಜಮಾನ್ರೇ, ಆ ಪಾರ್ಟು ನಾನ್ ಮಾಡ್ತೀನಿ.”

“ನೀನಾ? ಗುಂಡಿ ಹೊಲಿಯೋದು ಯಾರು ಮತ್ತೆ?”

“ಅದನ್ನೂ ಮಾಡ್ತೀನಿ.”

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. “ಮೂರು ಆಟ ನೋಡ್ತೀನಿ. ಸರಿ ಹೋಗ್ಲಿಲ್ವೋ, ಆ ಸೀನೇ ಕಿತ್ತಾಕ್ತೀನಿ. ದೂತ ಬಂದು ಪತ್ರ ಓದಿದ್ರೆ ಸಾಕು, ಕತೆ ಮುಂದಕ್ಕೆ ಹೋಗುತ್ತೆ.” ಆಮೇಲೆ ಅಮ್ಮನ ಕಡೆ ತಿರುಗಿ, “ಹೊಸ ಬಟ್ಟೆ ಕತ್ತರಿಸಬೇಡಮ್ಮಾ. ಹಳೇ ನಿಲುವಂಗೀನೇ ಚಿಕ್ಕದು ಮಾಡು. ಕಚ್ಚಾ ಹೊಲಿಗೆ ಹಾಕು, ಬಿಚ್ಚೋಕೆ ಸುಲಭ” ಎಂದರು.

ಬಿಚ್ಚೋಕೆ ಸುಲಭ! ಆ ಮಾತು ಅವಳ ಎದೆಗೆ ಸೂಜಿಯಂತೆ ಚುಚ್ಚಿತು.

ದೃಶ್ಯ ಚಿಕ್ಕದು. ಸ್ವಂತ ಅಪ್ಪನನ್ನೇ ಗೋಪುರದಲ್ಲಿ ಕೂಡಿಹಾಕಿದ ಸೇನಾಧಿಪತಿ ಅಬ್ಬರಿಸುತ್ತಾನೆ: ‘ಈ ಕೋಟೆಯ ಬಾಗಿಲು ನನ್ನ ಅಪ್ಪಣೆಯಿಲ್ಲದೆ ತೆರೆಯದು.’ ಆಗ ತಂಗಿ ಒಳಗೆ ಬಂದು, ‘ತೆರೆದೇ ಬಂದಿದ್ದೇನೆ, ಅಣ್ಣಾ’ ಎನ್ನಬೇಕು. ಮೊದಲ ದಿನದ ತಾಲೀಮಿನಲ್ಲಿ ಇವಳು ಚೀಟಿಯಲ್ಲಿ ಇದ್ದದ್ದನ್ನೆಲ್ಲ ಗಟ್ಟಿಯಾಗಿ ಒಪ್ಪಿಸಿದಳು: “ಅಪ್ಪಣೆಯಿಲ್ಲದೆ ತೆರೆಯದು. ತೆರೆದೇ ಬಂದಿದ್ದೇನೆ, ಅಣ್ಣಾ!”

ತಬಲದವರಿಂದ ಹಿಡಿದು ಪರದೆ ಎಳೆಯುವವರವರೆಗೂ ಬಿದ್ದು ಬಿದ್ದು ನಕ್ಕರು. “ಏ, ಇವಳು ಬಾಲಾನೂ ನುಂಗಿಬಿಟ್ಲಲ್ಲೋ!” ಎಂದವನು ಸೇನಾಧಿಪತಿಯ ಪಾರ್ಟಿನ ದೊಡ್ಡ ನಟ. ಅವನ ಗಂಟಲಿಗೆ ಹೆದರಿ ಕಂಪನಿಯವರು ಇಟ್ಟ ಹೆಸರು ಗುಡುಗಪ್ಪ. ಅಂದಿನಿಂದ ಇವಳು ಬಾಲ. ಪ್ರಾಂಪ್ಟರ್ ತಾತ ಪಾಪ, ಅವಳ ಚೀಟಿಯಲ್ಲಿ ಬಾಲದ ಕೆಳಗೆಲ್ಲ ಕೆಂಪು ಶಾಯಿಯ ಗೆರೆ ಎಳೆದುಕೊಟ್ಟರು.

ಮೊದಲನೇ ಆಟ. ಪಕ್ಕದ ಪರದೆಯ ಮರೆಯಲ್ಲಿ ಅವಳು ಕಿವಿ ನಿಮಿರಿಸಿ ನಿಂತಿದ್ದಳು. ಗುಡುಗಪ್ಪ ಅಬ್ಬರಿಸಿ ಅಬ್ಬರಿಸಿ ಕೊನೆಗೆ, “ಇದು ನನ್ನ ಆಜ್ಞೆ!” ಎಂದು ನಿಲ್ಲಿಸಿಬಿಟ್ಟ. ಬಾಲವೇ ಇಲ್ಲ! ಇವಳು ಕಾದಳು. ಜನ ಕೆಮ್ಮಿದರು, ಹಿಂದಿನ ಸಾಲಿನಿಂದ ಒಂದು ಶಿಳ್ಳೆ ಬಂತು. ಕೊನೆಗೆ ಪ್ರಾಂಪ್ಟರ್ ತಾತ ಕೈಯಾಡಿಸಿ ಅಟ್ಟಿದ ಮೇಲೆ ಇವಳು ಮುಗ್ಗರಿಸಿ ಒಳಬಂದಳು.

ಎರಡನೇ ಆಟದಲ್ಲಿ ಆಸಾಮಿ ಬಾಲವನ್ನು ಮಾತಿನ ನಡುವೆಯೇ ತುರುಕಿದ. ಅದು ಕಿವಿಗೆ ಬಿದ್ದದ್ದೇ ತಡ, ಇವಳು ಓಡಿಬಂದಳು. ಅವನು ಸೊಂಟದ ಮೇಲೆ ಕೈಯಿಟ್ಟು, “ಯಾರು ಕರೆದರು ನಿನ್ನ?” ಎಂದ. ಸಭೆ ಗೊಳ್ಳೆಂದಿತು.

ಆಟ ಮುಗಿದ ಮೇಲೆ ಅವಳು ಬಣ್ಣದ ಕೋಣೆಗೆ ಹೋಗಿ ಅವನ ಕನ್ನಡಿಯ ಪಕ್ಕ ನಿಂತಳು.

“ಅಣ್ಣಾ, ಬಾಲ ಯಾಕೆ ಕೊಡಲ್ಲ ನೀವು?”

ಗುಡುಗಪ್ಪ ಮೀಸೆ ಕೀಳುತ್ತಾ ನಕ್ಕ. “ನೋಡು ತಂಗಿ, ಆ ಮಾತಿಗೆ ಜನ ಚಪ್ಪಾಳೆ ಹೊಡೀಬೇಕು. ಹನ್ನೆರಡು ವರ್ಷದಿಂದ ಹೊಡೀತಿದ್ರು. ನೀನು ದಡಬಡ ನುಗ್ಗಿದ್ರೆ ಚಪ್ಪಾಳೆ ಎಲ್ಲಿ ಹೋಗ್ಬೇಕು? ಗುಂಡಿ ಹೊಲಿ ಹೋಗು, ಚೆನ್ನಾಗ್ ಹೊಲೀತೀಯ.”

ಅವಳು ಅಳಲಿಲ್ಲ. ವೇಷದ ಕೋಣೆಗೆ ಬಂದು, ಬಟ್ಟೆಗಂಟಿನ ಮೇಲೆ ಕೂತು ಚೀಟಿ ಬಿಚ್ಚಿದಳು. ಅಮ್ಮ ಮಿಶಿನ್ ನಿಲ್ಲಿಸಲಿಲ್ಲ.

“ಏನಂತೆ ಆ ಮಹಾರಾಯನದು?”

“ಬಾಲ ಕೊಡಲ್ವಂತೆ.”

“ಕೊಡದಿದ್ರೆ ಬಿಡ್ಲಿ. ಅವನೇನು ಅದನ್ನ ಮನೆಗೆ ತಗೊಂಡು ಹೋಗ್ತಾನಾ?”

ಅವಳು ಚೀಟಿಯನ್ನೇ ನೋಡುತ್ತಿದ್ದಳು. ಕೆಂಪು ಗೆರೆಯ ಮೇಲೆ ಆ ಎರಡು ಪದ. ಆಡುವುದು ಅವನು, ಸರಿ. ಆದರೆ ಬರೆದಿರುವುದು ನನ್ನ ಚೀಟಿಯಲ್ಲಲ್ಲವೇ! ಮೊದಲ ದಿನ ಎಲ್ಲರೂ ನಕ್ಕದ್ದು ನೆನಪಾಗಿ ಅವಳಿಗೇ ನಗು ಬಂತು. ಅಮ್ಮ ತಲೆಯೆತ್ತಿ, “ಏನೇ, ಹುಚ್ಚು ಹಿಡೀತಾ?” ಎಂದಳು.

“ಇಲ್ಲಮ್ಮಾ. ಆ ತೋಳಿನ ಹೊಲಿಗೆ ಒಂಚೂರು ಗಟ್ಟಿ ಮಾಡು. ನಾಳೆ ನಾನು ಕೈ ಎತ್ತಬೇಕು.”

ಮೂರನೇ ಆಟ ಭಾನುವಾರ ಮಧ್ಯಾಹ್ನ. ಕುರ್ಚಿಗಳೆಲ್ಲ ಭರ್ತಿ. ಎದುರಿನ ಮರೆಯಲ್ಲಿ ಯಜಮಾನರು ಪರದೆಯ ಹಗ್ಗ ಹಿಡಿದು ನಿಂತಿದ್ದರು. ಇವತ್ತೂ ಎಡವಿದರೆ ಪರದೆ ಬೀಳುತ್ತದೆ, ನಾಳೆಯಿಂದ ದೂತ ಬರುತ್ತಾನೆ. ಅದು ಅವಳಿಗೆ ಗೊತ್ತಿತ್ತು, ಗುಡುಗಪ್ಪನಿಗೂ ಗೊತ್ತಿತ್ತು. ಅವನು ಅವಳತ್ತ ಓರೆಗಣ್ಣಿನಲ್ಲಿ ನೋಡಿ ಮಾತು ಶುರುಮಾಡಿದ. ಕೋಟೆ ಆಯಿತು, ಕತ್ತಿ ಆಯಿತು, ಚಪ್ಪಾಳೆ ಬಿತ್ತು. ಚಪ್ಪಾಳೆಯ ರುಚಿ ಹತ್ತಿ, ಬೇರೆ ಯಾವುದೋ ನಾಟಕದ ಯುದ್ಧವನ್ನೂ ಎಳೆದುತಂದ. “ನನ್ನ ಕುದುರೆ...” ಎಂದ. ನಾಟಕದಲ್ಲಿ ಕುದುರೆಯೇ ಇರಲಿಲ್ಲ! ಪ್ರಾಂಪ್ಟರ್ ತಾತ ಪುಟ ತಿರುಗಿಸಿ ತಿರುಗಿಸಿ ಸೋತರು. ಯಜಮಾನರ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು.

ಗುಡುಗಪ್ಪ ಉಸಿರೆಳೆದುಕೊಳ್ಳಲು ನಿಂತ. ಅಷ್ಟೇ ಸಾಕಾಯಿತು.

“ಅಪ್ಪಣೆಯಿಲ್ಲದೆ ತೆರೆಯದು!”

ದನಿ ಮರೆಯಿಂದ ಬಂತು. ಸಭೆಯ ತಲೆಗಳೆಲ್ಲ ಒಟ್ಟಿಗೆ ಅತ್ತ ತಿರುಗಿದವು. ಅವಳು ನಿಧಾನವಾಗಿ, ಒಂದೊಂದೇ ಹೆಜ್ಜೆಯಿಟ್ಟು ಬೆಳಕಿಗೆ ಬಂದಳು. ಕೈ ಎತ್ತಿ ಹಿಂದಿನ ಬಾಗಿಲನ್ನು ತೋರಿಸಿದಳು.

“ಅದನ್ನೇ ಅಲ್ಲವೇ ನೀವು ಹೇಳಹೊರಟದ್ದು? ತೆರೆದೇ ಬಂದಿದ್ದೇನೆ, ಅಣ್ಣಾ.”

ಮೊದಲು ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ತಗಡಿನ ಮಾಡು ನಡುಗುವಷ್ಟು ಚಪ್ಪಾಳೆ! ಅವಳು ಅಪ್ಪನ ಬಗ್ಗೆ, ಗೋಪುರದ ಚಳಿಯ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳುತ್ತಾ ಹೋದಳು. ಗುಡುಗಪ್ಪನ ಕಣ್ಣಲ್ಲಿ ಗಾಬರಿ ಕಂಡಿತು. ಹನ್ನೆರಡು ವರ್ಷದಲ್ಲಿ ಅವನು ತಂಗಿಯ ಮಾತನ್ನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಆ ಮಾತಿನ ಬಾಲ ಮಾತ್ರ: ‘ಇನ್ನೂ ಬೆಚ್ಚಗಿದೆ’. ಅದು ಸಿಗದಿದ್ದರೆ ಅಷ್ಟು ಜನರೆದುರು ಅವನು ಕಂಬದಂತೆ ನಿಲ್ಲಬೇಕು.

ಈಗ ಬಾಲ ಅವಳ ಕೈಯಲ್ಲಿತ್ತು. ನುಂಗಬಹುದಿತ್ತು. ಅವಳು ಒಂದು ಕ್ಷಣ ಅವನ ಮುಖ ನೋಡಿದಳು.

“ಅಪ್ಪನ ಉಸಿರು,” ಎಂದಳು, ಒಂದಕ್ಷರವನ್ನೂ ಬಿಡದೆ, “ಇನ್ನೂ ಬೆಚ್ಚಗಿದೆ.”

ಗುಡುಗಪ್ಪ ಮಾತಾಡಿದ. ಆ ದಿನ ಮೊದಲ ಬಾರಿಗೆ ಗುಡುಗಲಿಲ್ಲ, ಮೆಲ್ಲನೆ ಮಾತಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡರು. ಯಜಮಾನರು ಹಗ್ಗ ಬಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆಟ ಮುಗಿದ ಮೇಲೆ ಗುಡುಗಪ್ಪ ವೇಷದ ಕೋಣೆಯ ಬಾಗಿಲಿಗೆ ಬಂದು ನಿಂತ. ಅರ್ಧ ಮೀಸೆ ಕಿತ್ತಿತ್ತು, ಇನ್ನರ್ಧ ಇತ್ತು.

“ಏ ಬಾಲ, ನಾಳೆಯಿಂದ ನನ್ನ ಮಾತು ನಾನೇ ಹೇಳ್ಕೋತೀನಿ, ಗೊತ್ತಾಯ್ತಾ?”

“ಪೂರ್ತಿ ಹೇಳ್ತೀರಾ ಅಣ್ಣಾ?”

“ಬಾಲದ ಸಮೇತ ಕಣಮ್ಮಾ, ಬಾಲದ ಸಮೇತ!”

ಹಿಂದೆಯೇ ಯಜಮಾನರು ಬಂದರು. ದೂತನ ಮಾತು ಯಾರೂ ಎತ್ತಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟರು. ಅಷ್ಟರಲ್ಲಿ ಅವಳು ನಿಲುವಂಗಿ ಬಿಚ್ಚಿ ಅಮ್ಮನ ಮುಂದೆ ಹರಡಿಯಾಗಿತ್ತು.

“ಅಮ್ಮಾ, ಇದಕ್ಕೆ ಪಕ್ಕಾ ಹೊಲಿಗೆ ಹಾಕು.”

ಅಮ್ಮ ಯಜಮಾನರ ಮುಖ ನೋಡಿದಳು. ಅವರು ಬೇಡ ಎನ್ನಲಿಲ್ಲ. ಅಮ್ಮ ಕಚ್ಚಾ ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಸಾಡಿ, ಮಿಶಿನ್ನಿನ ಚಕ್ರ ತಿರುಗಿಸಿದಳು.